ಮೂಟೆ ಕಟ್ಟಿದ ಜಾಕೆಟ್‌ಗಳು

ರಾಷ್ಟ್ರೀಯ ಉದ್ಯಾನದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ತಂಗಿ 'ಸ್ವಇಚ್ಛೆಯಿಂದ ಜೀವರಕ್ಷಕ ಜಾಕೆಟ್ ಕಳಚಿದ್ದರಿಂದ' ಮುಳುಗಿ ಸತ್ತಳೆಂದು ನಿಮ್ಮ ತನಿಖಾ ವರದಿಯ ನಾಲ್ಕನೇ ಪುಟ ಹೇಳುತ್ತದೆ. ಆ ಸಾಲು ಸುಳ್ಳು. ಅದು ನಿಮಗೂ ಗೊತ್ತು.

ನಿಮ್ಮ ಸರೋವರದ ಆ ಪುಟ್ಟ ದ್ವೀಪಕ್ಕೆ ದೋಣಿ ಹೇಗೆ ಹೋಗಿಬರುತ್ತದೆ ಎಂಬುದು ತಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಕಚೇರಿಯ ಕಿಟಕಿಗೆ ಈಚೆ ದಡವಷ್ಟೇ ಕಾಣುತ್ತದಲ್ಲವೇ? ಈಚೆ ದಡದಲ್ಲಿ ನಿಮ್ಮ ಸಿಬ್ಬಂದಿ ಪ್ರತಿಯೊಬ್ಬರಿಗೂ ಜಾಕೆಟ್ ತೊಡಿಸಿ, ಪಟ್ಟಿ ಜಗ್ಗಿ ನೋಡಿ, ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆ. ಎಂಥ ಕಾಳಜಿ! ದ್ವೀಪದಲ್ಲಿ ಕಾಲಿಟ್ಟೊಡನೆ ಎಲ್ಲವನ್ನೂ ಬಿಚ್ಚಿಸಿ, ಹಗ್ಗದಿಂದ ಮೂಟೆ ಕಟ್ಟಿ ದೋಣಿಯ ಮೂತಿಯಲ್ಲಿಡುತ್ತಾರೆ. ವಾಪಸಾಗುವವರಿಗೆ ಮತ್ತೆ ತೊಡಿಸಿ ಬಿಚ್ಚಿಸುತ್ತ ಕೂತರೆ ಮುಂದಿನ ತಂಡಕ್ಕೆ ಹತ್ತು ನಿಮಿಷ ತಡವಾಗುತ್ತದಂತೆ. ಹಾಗಾಗಿ ನಾವು ಜಾಕೆಟ್ ಇಲ್ಲದೆ ಬರುತ್ತೇವೆ, ಜಾಕೆಟ್‌ಗಳು ನಮ್ಮ ಜೊತೆಯಲ್ಲೇ ಪ್ರಯಾಣ ಮಾಡುತ್ತವೆ.

ನನ್ನ ತಂಗಿ, ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ಬೀದಿಯಿಂದ ಹಿಂತಿರುಗುವ ಜಾತಿ. ಆ ದಿನ ನನ್ನೊಂದಿಗೆ ದ್ವೀಪಕ್ಕಿಳಿದಾಗ ಅವಳು ಬಿಚ್ಚಲಿಲ್ಲ. ವಾಪಸ್ ಹೋಗುವಾಗ ಕೊಡುತ್ತೀರಾ ಎಂದು ನಿಮ್ಮ ಸಿಬ್ಬಂದಿಯನ್ನು ಕೇಳಿದಳು. "ಕಾಲು ಗಂಟೆ ದಾರಿ ಅಮ್ಮಾ, ದಿನಾ ನೂರಾರು ಜನ ಹಂಗೇ ಹೋಗ್ತಾರೆ," ಎಂದ ಅವನು. ಹಿಂದಿದ್ದವರು ಗೊಣಗಿದರು. ನನಗೆ ನಾಚಿಕೆಯಾಯಿತು.

ಮರಳುವಾಗ ಗಾಳಿ ಎದ್ದಿತು, ದೋಣಿ ಮಗುಚಿತು. ಮೂಟೆ ಮಾತ್ರ ಚೆನ್ನಾಗಿ ತೇಲಿತು. ಅದಕ್ಕೆ ಜೋತುಬಿದ್ದು ನಾನು ಬದುಕಿದೆ. ಒಂದು ಕೈಯಲ್ಲಿ ಗಂಟು ಬಿಚ್ಚಲು ಹೆಣಗಿದೆ, ಒದ್ದೆ ಹಗ್ಗ ಜಗ್ಗಲಿಲ್ಲ. ಅಷ್ಟರಲ್ಲಿ ಅವಳು ಕಾಣಲಿಲ್ಲ. ಇಪ್ಪತ್ತೆರಡು ಜಾಕೆಟ್‌ಗಳೂ ಸುರಕ್ಷಿತವಾಗಿ ದಡ ಸೇರಿದವು. ಇಲಾಖೆಯ ಸ್ವತ್ತಿಗೆ ಹಾನಿಯಾಗಿಲ್ಲವೆಂದು ನಿಮ್ಮ ವರದಿಯೂ ಸಮಾಧಾನಪಟ್ಟಿದೆ.

ವರದಿ ಮನೆಗೆ ಬಂದ ದಿನದಿಂದ ಅಮ್ಮ ಆ ಸಾಲಿನ ಮೇಲೆ ಬೆರಳಿಟ್ಟು ನನ್ನನ್ನು ಒಂದೇ ಮಾತು ಕೇಳುತ್ತಾಳೆ: "ಅವಳ್ಯಾಕೋ ಬಿಚ್ಚಿದ್ಲು?"

ಅವಳಿಗೆ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ದರ್ಜಿ; ಬಕಲ್ಲು, ಪಟ್ಟಿ ಎಂದರೆ ಕೈ ತಾನಾಗಿ ಹೋಗುತ್ತದೆ. "ಎಲ್ಲಾರೂ ಕಾಯ್ತಿದಾರೆ ಕಣೇ," ಎಂದು ಅವಳ ಜಾಕೆಟ್ ಬಿಚ್ಚಿ ನಿಮ್ಮ ಸಿಬ್ಬಂದಿಯ ಕೈಗೆ ಕೊಟ್ಟವನು ನಾನು.

ನನಗೆ ಪರಿಹಾರ ಬೇಡ, ಸಂತಾಪವೂ ಬೇಡ. ನಾಲ್ಕನೇ ಪುಟದ ಆ ಸಾಲು ಹೊಡೆದುಹಾಕಿ, 'ಸಿಬ್ಬಂದಿಯ ಆಜ್ಞೆಯಂತೆ ಅವಳ ಅಣ್ಣ ಕಳಚಿದನು' ಎಂದು ಬರೆಯಿರಿ. ನನ್ನ ಪಾಲನ್ನು ನಾನು ಒಪ್ಪಿದ್ದೇನೆ, ನಿಮ್ಮ ಪಾಲಿಗೆ ನೀವು ಸಹಿ ಹಾಕಿ. ಈ ಪತ್ರದ ಪ್ರತಿಯನ್ನು ಪತ್ರಿಕೆಗೂ ಕಳಿಸಿದ್ದೇನೆ; ಅಚ್ಚಾದ ದಿನ ಅಮ್ಮ ಓದುತ್ತಾಳೆ.

ಇಂತಿ,
ತಂಗಿಯನ್ನು ಬಿಟ್ಟು ದಡ ಸೇರಿದ ದರ್ಜಿ