ನೂರ ಅರವತ್ತು ಗಂಟೆ

ಫೆಬ್ರವರಿ 10, ಸೋಮವಾರ. ಮಧ್ಯಾಹ್ನ 3.20

ಡ್ಯೂಟಿ ಮುಗಿಸಿ ಬಂದು ಮೊಸರನ್ನ ಉಂಡೆ. ನಿಂತುಕೊಂಡೇ. ಡಯಾಲಿಸಿಸ್ ಯೂನಿಟ್ಟಿನಲ್ಲಿ ಇವತ್ತು ಹನ್ನೊಂದು ಜನ. ನಾಲ್ಕನೇ ಮಷೀನ್ ಮತ್ತೆ ಕೂಗಿಕೊಂಡಿತು, ಟೆಕ್ನಿಷಿಯನ್ ಬರುವಷ್ಟರಲ್ಲಿ ನಾನೇ ಸರಿಮಾಡಿದೆ. ಯೂನಿಫಾರ್ಮ್ ನೆನೆಹಾಕಿ ಮೇಲ್ ನೋಡಿದರೆ — ಬೋರ್ಡಿನ ಉತ್ತರ.

ಅಮೆರಿಕದ ನರ್ಸಿಂಗ್ ಬೋರ್ಡ್. ಅರ್ಜಿ ಹಾಕಿ ಐದು ತಿಂಗಳ ಮೇಲೆ. ಎರಡು ಪುಟ, ಒಂದು ಟೇಬಲ್. ನಾನು ಓದಿದ ಪ್ರತಿ ವಿಷಯಕ್ಕೂ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ವಾರ್ಡ್ ಕೆಲಸ. ಮೆಡಿಕಲ್ ಸರಿ. ಸರ್ಜಿಕಲ್ ಸರಿ. ಮಕ್ಕಳು, ಹೆರಿಗೆ ಸರಿ. ಸೈಕಿಯಾಟ್ರಿ — ಪಾಠ ಸರಿ, ವಾರ್ಡ್ ಗಂಟೆಗೆ ದಾಖಲೆ ಇಲ್ಲ. ಕನಿಷ್ಠ ನೂರ ಅರವತ್ತು ಬೇಕು. ದಾಖಲೆ ಕೊಡಿ, ಇಲ್ಲವಾದರೆ ಮಾನ್ಯತೆ ಇರುವ ಶಾಲೆಯಲ್ಲಿ ಪೂರೈಸಿ. ಅಲ್ಲಿಯವರೆಗೆ ಲೈಸೆನ್ಸ್ ಪರೀಕ್ಷೆಗೆ ಕೂರುವಂತಿಲ್ಲ.

ಹನ್ನೆರಡು ವರ್ಷ ಸರ್ವೀಸ್. ಅದಕ್ಕೆ ಕಾಲಂ ಇಲ್ಲ.

ಶಿಲ್ಪಾಗೆ ಮೆಸೇಜ್ ಹಾಕಿದೆ. ಅಮೆರಿಕದಲ್ಲಿ ಈಗ ಬೆಳಗಿನ ಜಾವ, ಮಲಗಿರುತ್ತಾಳೆ. ಒಂದೇ ಕಾಲೇಜು, ಒಂದೇ ಬ್ಯಾಚ್, ಆಮೇಲೆ ಆರು ವರ್ಷ ಈ ಆರ್‌ಪಿಸಿ ಲೇಔಟ್ ರೂಮಿನಲ್ಲಿ ಒಟ್ಟಿಗೆ. ಅವಳು ಹೋಗಿ ಹದಿನಾಲ್ಕು ತಿಂಗಳಾಯಿತು. ಮಂಚ ಇನ್ನೂ ಇಲ್ಲೇ ಇದೆ. ಒಣಗಿದ ಬಟ್ಟೆ ಅದರ ಮೇಲೆ ಹಾಕುತ್ತೇನೆ.

ಫೆಬ್ರವರಿ 11. ಸಂಜೆ

ಶಿಲ್ಪಾ ಫೋನ್ ಮಾಡಿದ್ದಳು. ಕಾರು ಓಡಿಸುತ್ತಾ.

"ಅದೇನ್ ದೊಡ್ಡ ವಿಷ್ಯ ಅಲ್ಲ ಕಣೇ ಸುವರ್ಣಾ. ನಂಗೂ ಅದನ್ನೇ ಕೇಳಿದ್ರು. ರುದ್ರಮುನಿ ಸಾರ್ ಹತ್ರ ಹೋಗು, ಲೆಟರ್ ಕೊಡ್ತಾರೆ."

"ಏನಂತ?"

"ಸಿಲಬಸ್ಸಲ್ಲಿರೋ ಹಾಗೆ ಮುನ್ನೂರಿಪ್ಪತ್ತು ಗಂಟೆ ಆಗಿದೆ ಅಂತ."

"ಆಗಿಲ್ವಲ್ಲೇ."

"ನೀನು ಮೊದ್ಲು ಹೋಗು" ಅಂದಳು. ಪಾರ್ಕಿಂಗ್ ಬಂತಂತೆ. ಇಟ್ಟಳು.

ಫೆಬ್ರವರಿ 15, ಶನಿವಾರ

ಬ್ಯಾಡರಹಳ್ಳಿಗೆ ಹೋಗಿದ್ದೆ. ನಮ್ಮ ಕಾಲೇಜು ಮುಚ್ಚಿ ಎಂಟು ವರ್ಷ. ಅದೇ ಕಟ್ಟಡ ಈಗ ಕಲ್ಯಾಣ ಮಂಟಪ. ಅನಾಟಮಿ ಲ್ಯಾಬ್ ಇದ್ದಲ್ಲಿ ಊಟದ ಹಾಲ್. ಯಾರದೋ ನಿಶ್ಚಿತಾರ್ಥ ಇತ್ತು, ಬಾಗಿಲಲ್ಲಿ ಒಂದು ಹುಡುಗಿ ನನಗೂ ಪನ್ನೀರು ಚಿಮುಕಿಸಿದಳು.

ರುದ್ರಮುನಿ ಸಾರ್ ಆಗ ಕಾಲೇಜಿನ ಕ್ಲರ್ಕ್. ಈಗ ಮಂಟಪದ ಮ್ಯಾನೇಜರ್. ಗುರುತು ಹಿಡಿದರು. ಪ್ಲಾಸ್ಟಿಕ್ ಕುರ್ಚಿಗಳ ಹಿಂದಿನಿಂದ ಹಳೆಯ ಲೆಟರ್‌ಹೆಡ್ ತೆಗೆದು ಧೂಳು ಕೊಡವಿದರು.

"ಎಷ್ಟು ಬರೀಲಮ್ಮಾ?"

"ಎಷ್ಟಾಗಿದೆಯೋ ಅಷ್ಟು ಸಾರ್."

ನಕ್ಕರು. "ಆಗಿದ್ದಷ್ಟೇ ಬರೆದ್ರೆ ಯಾರೂ ಫ್ಲೈಟ್ ಹತ್ತಲ್ಲ. ಮೂವತ್ತು ಜನಕ್ಕೆ ಕೊಟ್ಟಿದೀನಿ. ಎಲ್ರೂ ಚೆನ್ನಾಗಿದಾರೆ."

ನಾನು ನಗಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಮ್ಮಾ, ಆವತ್ತು ನಿಮ್ಗೆ ಕೊಡ್ಬೇಕಾಗಿದ್ದು ಕೊಡ್ಲಿಲ್ಲ ನಾವು. ಇವತ್ತು ಕಾಗದಾನಾದ್ರೂ ಕೊಡೋಣ ಅಂತ. ಅಷ್ಟೇ."

ಮುನ್ನೂರಿಪ್ಪತ್ತು ಅಂತ ಬರೆದು, ಸಹಿ ಮಾಡಿ, ಸೀಲ್ ಒತ್ತಿ ಕೊಟ್ಟರು. ಊಟ ಮಾಡಿಕೊಂಡು ಹೋಗು ಅಂದರು. ಮಾಡಲಿಲ್ಲ. ಲೆಟರ್ ಫೈಲಿನಲ್ಲಿದೆ.

ಫೆಬ್ರವರಿ 16, ಭಾನುವಾರ

ಕಾಲೇಜಿನಲ್ಲಿ ನಮ್ಮ ಸೈಕಿಯಾಟ್ರಿ ಪೋಸ್ಟಿಂಗ್ ಅಂದರೆ ಇಷ್ಟು — ಒಂದು ದಿನ ಕಾಲೇಜು ಬಸ್ಸು ನಮ್ಮನ್ನು ಮಾನಸಿಕ ಆಸ್ಪತ್ರೆಯ ಗೇಟಿನವರೆಗೆ ಕರೆದುಕೊಂಡು ಹೋಯಿತು. ಪರ್ಮಿಶನ್ ಸಿಗಲಿಲ್ಲ. ಗೇಟಿನ ಮುಂದೆ ಗ್ರೂಪ್ ಫೋಟೊ. ವಾಪಸ್. ಆಮೇಲೆ ಕ್ಯಾಂಟೀನಿನಲ್ಲಿ ಕೂತು ಎರಡು ತಿಂಗಳ ಲಾಗ್‌ಬುಕ್ ಒಂದೇ ಮಧ್ಯಾಹ್ನ ಬರೆದೆವು. ಒಂದೇ ದಿನ ಬರೆದದ್ದು ಅಂತ ಗೊತ್ತಾಗಬಾರದೆಂದು ಶಿಲ್ಪಾ ಮೂರು ಪೆನ್ನು ತಂದಿದ್ದಳು. ತುಂಬಾ ನಕ್ಕಿದ್ದೆವು. ಇಪ್ಪತ್ತು ವರ್ಷ ವಯಸ್ಸು.

ಫೆಬ್ರವರಿ 19

ಲೆಟರ್ ಸ್ಕ್ಯಾನ್ ಮಾಡಿದೆ. ಅಪ್‌ಲೋಡ್ ಒತ್ತುವುದಷ್ಟೇ ಬಾಕಿ. ಒತ್ತಲಿಲ್ಲ.

ಇದನ್ನು ಯಾರಿಗೂ ಹೇಳಿಲ್ಲ, ಶಿಲ್ಪಾಗೂ ಇಲ್ಲ. ಇಲ್ಲಿಯಾದರೂ ಬರೆಯುತ್ತೇನೆ.

ಕೊಟ್ರೇಶ್. ನಲವತ್ತೊಂದು ವರ್ಷ. ಹೆಗ್ಗನಹಳ್ಳಿಯಲ್ಲಿ ಟೈಲರ್. ವಾರಕ್ಕೆ ಮೂರು ದಿನ ನಮ್ಮಲ್ಲಿ ಡಯಾಲಿಸಿಸ್, ಎರಡು ವರ್ಷದಿಂದ. ಕಳೆದ ಜುಲೈಯಲ್ಲಿ ಒಂದು ಮಂಗಳವಾರ, ಸೂಜಿ ತೆಗೆಯುತ್ತಿದ್ದೆ. "ಸಿಸ್ಟರ್, ಇನ್ನು ಸಾಕು ಅನ್ಸುತ್ತೆ" ಅಂದರು. ಮೆಲ್ಲಗೆ. ಬಸ್ಸು ಲೇಟು ಅನ್ನುವ ಹಾಗೆ.

"ಹಂಗೆಲ್ಲಾ ಅನ್ಬಾರ್ದು ಅಣ್ಣಾ, ಮಕ್ಕಳಿದಾವೆ" ಅಂದೆ. ಬಿಪಿ ಬರೆದೆ. ತೂಕ ಬರೆದೆ. ಮುಂದಿನವರನ್ನು ಕರೆದೆ.

ಗುರುವಾರ ಬರಲಿಲ್ಲ. ಶನಿವಾರವೂ ಇಲ್ಲ. ಮುಂದಿನ ವಾರ ಅವರ ಹೆಂಡತಿ ಫೈಲ್ ತೆಗೆದುಕೊಂಡು ಹೋಗಲು ಬಂದರು. "ಬೇಕಂತಲೇ ಬರ್ಲಿಲ್ಲ ಸಿಸ್ಟರ್. ರೂಮ್ ಬಾಗ್ಲು ಹಾಕ್ಕೊಂಡು ಮಲಗ್ಬಿಟ್ರು. ತೆಗೀಲೇ ಇಲ್ಲ... ಒಡೆಸೋ ಹೊತ್ತಿಗೆ ಹೋಗ್ಬಿಟ್ಟಿದ್ರು."

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಚಾರ್ಟ್ ಸರಿಯಾಗಿತ್ತು.

ಆ ಗಂಟೆಗಳು ನಿಜಕ್ಕೂ ಆಗಿದ್ದರೆ ಆವತ್ತು ಬೇರೆ ಏನಾದರೂ ಹೇಳುತ್ತಿದ್ದೆನೇ? ಗೊತ್ತಿಲ್ಲ. ಆದರೆ ಮುನ್ನೂರಿಪ್ಪತ್ತು ಗಂಟೆ ಕಲಿತಿದ್ದೇನೆ ಅಂತ ನನ್ನ ಹೆಸರಿನ ಕೆಳಗೆ ಬರೆದು ಕಳಿಸಲಾರೆ. ಆಗುವುದಿಲ್ಲ.

ಮಾರ್ಚ್ 3, ಸೋಮವಾರ

ಎಂಟು ಶಾಲೆ ಸುತ್ತಿದೆ. ಕೆಲವರು ನಕ್ಕರು, ಕೆಲವರು ನೇರವಾಗಿ ಸರ್ಟಿಫಿಕೇಟ್ ಮಾತ್ರ ಸಾಕಾ ಅಂತ ಕೇಳಿದರು. ಕೊನೆಗೆ ಕೆಂಗೇರಿ ಕಡೆಯ ಒಂದು ನರ್ಸಿಂಗ್ ಶಾಲೆ ಒಪ್ಪಿತು. ಅವರ ವಿದ್ಯಾರ್ಥಿಗಳು ಹೋಗುವ ಆಸ್ಪತ್ರೆಯ ಸೈಕಿಯಾಟ್ರಿ ವಾರ್ಡಿನಲ್ಲಿ ದಿನಕ್ಕೆ ನಾಲ್ಕು ಗಂಟೆ. ನಲವತ್ತು ದಿನ. ಯೂನಿಟ್ಟಿನಲ್ಲಿ ಬೇಡಿಕೊಂಡು ಎರಡು ತಿಂಗಳು ಬೆಳಗಿನ ಶಿಫ್ಟೇ ಹಾಕಿಸಿಕೊಂಡೆ.

ನನ್ನ ಟ್ಯೂಟರ್ ಸ್ಮೃತಿ. ಇಪ್ಪತ್ತೇಳು ವರ್ಷ. ನಾನು ಮೇಡಂ ಅಂದೆ, ಅವಳೂ ಮೇಡಂ ಅಂದಳು.

ಮಾರ್ಚ್ 10. 4/160

ವಿಜಯನಗರದಲ್ಲಿ ಮೆಟ್ರೊ ಹತ್ತಿ, ಇಳಿದು, ಆಟೊ. ಎರಡೂಮುಕ್ಕಾಲಿಗೆ ವಾರ್ಡ್. ಹತ್ತೊಂಬತ್ತರ ಹುಡುಗಿಯರು ಹದಿನಾರು ಜನ. ಒಬ್ಬಳು ಕೇಳಿದಳು — "ಆಂಟಿ, ನೀವು ಪೇಶೆಂಟ್ ಕಡೆಯವ್ರಾ?"

ನಾಲ್ಕೂವರೆಗೆ ಟೀ ಬ್ರೇಕ್. ಅವರೆಲ್ಲ ಗುಂಪಾಗಿ ಹೋದರು. ನಾನು ಮೆಟ್ಟಿಲ ಮೇಲೆ ಕೂತು ಬಿಸ್ಕೆಟ್ ತಿಂದೆ.

ಮಾರ್ಚ್ 13, ಗುರುವಾರ

ರೋಗಿಯ ಜೊತೆ ಇಪ್ಪತ್ತು ನಿಮಿಷ ಮಾತಾಡಿ, ಆಡಿದ ಮಾತನ್ನೆಲ್ಲ ಹಾಗೇ ಬರೆಯಬೇಕು. ಅವರು ಅಂದದ್ದು ಒಂದು ಕಡೆ, ನಾನು ಅಂದದ್ದು ಒಂದು ಕಡೆ, ಆಗ ನನಗೇನನ್ನಿಸಿತು ಅನ್ನುವುದು ಮೂರನೇ ಕಡೆ.

ನನಗೆ ಕೊಟ್ಟಿದ್ದು ಶಂಕ್ರವ್ವನನ್ನು. ಐವತ್ತರ ಆಸುಪಾಸು, ರೋಣದ ಕಡೆಯವಳು, ಸುಂಕದಕಟ್ಟೆಯಲ್ಲಿ ಗಾರೆ ಕೆಲಸ. ಗಂಡ ದೇವೇಂದ್ರಪ್ಪನೂ ಅದೇ ಕೆಲಸ. ಊಟ ಬಿಟ್ಟು, ಮಾತು ಬಿಟ್ಟು, ಮೂರು ದಿನ ನಲ್ಲಿಯ ಪಕ್ಕ ಕೂತಿದ್ದಳಂತೆ. ಇವತ್ತು ಏನೂ ಮಾತಾಡಲಿಲ್ಲ. ಮಾತ್ರೆ ತಗೊಂಡ್ರಾ, ನಿದ್ದೆ ಬಂತಾ, ಧೈರ್ಯವಾಗಿರಿ, ಎಲ್ಲಾ ಸರಿಹೋಗುತ್ತೆ — ನನ್ನ ಕಾಲಂ ತುಂಬಿತು. ಅವಳದು ಖಾಲಿ.

ಸ್ಮೃತಿ ಓದಿದಳು. "ಮೇಡಂ, ಎಲ್ಲಾ ಸರಿಹೋಗುತ್ತೆ ಅಂತ ಯಾಕಂದ್ರಿ?"

"ಸಮಾಧಾನಕ್ಕೆ."

"ಯಾರ ಸಮಾಧಾನಕ್ಕೆ?"

ಚಿಕ್ಕ ಹುಡುಗಿ. ಸಿಟ್ಟು ಬಂತು. ಮೆಟ್ರೊದಲ್ಲಿ ನಿಂತು ಬರುವಾಗ ಸಿಟ್ಟು ಹೋಗಿ ಬೇರೇನೋ ಬಂತು.

ಮಾರ್ಚ್ 26

ಎರಡು ವಾರದಿಂದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುವುದಷ್ಟೇ. ಇವತ್ತು ಶಂಕ್ರವ್ವ ನನ್ನ ಪುಸ್ತಕ ನೋಡಿ ಅಂದಳು —

"ಏನ್ ಬರಿಯಾಕತ್ತಿ?"

"ನೀವು ಮಾತಾಡಿದ್ದು."

"ನಾ ಏನೂ ಮಾತಾಡಿಲ್ಲಲ್ಲ."

"ಅದನ್ನ ಬರದೀನ್ರಿ."

ತುಟಿಯ ತುದಿಯಲ್ಲಿ ನಗು ಬಂದಂತಾಯಿತು. ಯಾವೂರು ಅಂದಳು. ಮುಂಡರಗಿ ಅಂದೆ. ಇಲ್ಲಿ ನಿನಗ ಯಾರದಾರ ಅಂದಳು.

ಶಾಲೆಯ ಪುಸ್ತಕದಲ್ಲಿ ನನ್ನ ಕಾಲಂನಲ್ಲಿ ಬರೆದದ್ದು: ಮೌನ, ಸುಮಾರು ಎರಡು ನಿಮಿಷ. ಮೂರನೇ ಕಾಲಂ ಬರೆಯಲಿಲ್ಲ. ಸ್ಮೃತಿ ಓದಿದಳು. ಟೀಗೆ ಕರೆದಳು. ನಾನು ಹೋಗಲಿಲ್ಲ, ಯಾಕೋ.

ಏಪ್ರಿಲ್ 8, ಮಂಗಳವಾರ. 100/160

ಶಿಲ್ಪಾಗೆ ಎಲ್ಲ ಹೇಳಿದೆ. ಹೇಳದೆ ಬೋರ್ಡಿಗೆ ಕಳಿಸುವುದು ಸರಿಯಲ್ಲ.

"ಅಂದ್ರೆ ಕಾಲೇಜಲ್ಲಿ ಪೋಸ್ಟಿಂಗ್ ಆಗಿಲ್ಲ ಅಂತ ಬರೀತೀಯಾ?"

"ಗಂಟೆ ಈಗ ಯಾಕೆ ಮಾಡಿದ್ದು ಅಂತ ಫಾರ್ಮಲ್ಲಿ ಕಾರಣ ಕೇಳ್ತಾರೆ ಶಿಲ್ಪಾ."

"ಅದೇ ಕಾಲೇಜು, ಅದೇ ಬ್ಯಾಚ್, ಅದೇ ಬೋರ್ಡ್. ನನ್ ಫೈಲ್ ತೆಗೆದು ನೋಡಲ್ವಾ? ನನ್ ಲೈಸೆನ್ಸ್ ಹೋಗುತ್ತೆ ಕಣೇ. ಒಬ್ಳೇ ಇದೀನಿ ಇಲ್ಲಿ. ಹೋದ್ರೆ ಏನ್ ಮಾಡ್ಲಿ?"

"ನಿನ್ ಹೆಸ್ರು ಎಲ್ಲೂ ಬರೆಯಲ್ಲ."

"ಬರೀಬೇಕಾಗಿಲ್ಲ. ಲೆಟರ್ ಕೈಯಲ್ಲಿದೆ. ಗಂಟೇನೂ ಮಾಡ್ತಿದೀಯ. ಎರಡೂ ಕಳ್ಸು. ಕಾರಣ ಬರೀಬೇಡ. ನಂಗೋಸ್ಕರ."

ಕೊಟ್ರೇಶ್ ವಿಷಯ ಹೇಳಿದೆ. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಅವಳು ಕೇಳಿಸಿಕೊಂಡಳು. ಆಮೇಲೆ ಅಂದಳು — "ಅವ್ರು ಸತ್ರು ಅಂತ ನನ್ನ ಸಾಯಿಸ್ತೀಯಾ?"

ಇಟ್ಟಳು. ಮತ್ತೆ ಮಾಡಿದೆ. ಎತ್ತಲಿಲ್ಲ.

ಏಪ್ರಿಲ್ 9

ಎತ್ತಲಿಲ್ಲ.

ಏಪ್ರಿಲ್ 26, ಶನಿವಾರ. 160/160

ಮುಗಿಯಿತು. ಸ್ಮೃತಿ ಪ್ರತಿ ಪುಟಕ್ಕೂ ಸಹಿ ಹಾಕಿದಳು, ನಲವತ್ತು ಸಹಿ. ಒಂದೇ ಪೆನ್ನು. ಹುಡುಗಿಯರು "ಬಾಯ್ ಅಕ್ಕಾ" ಅಂದರು. ಆಂಟಿಯಿಂದ ಅಕ್ಕ ಆಗಿದ್ದೆ ಯಾವಾಗಲೋ.

ಶಂಕ್ರವ್ವ ಹೋದ ವಾರವೇ ಡಿಸ್ಚಾರ್ಜ್ ಆದಳು. ದೇವೇಂದ್ರಪ್ಪ ಕೈ ಹಿಡಿದು ಮೆಟ್ಟಿಲು ಇಳಿಸಿದ. ಅವಳು ಹಿಂತಿರುಗಿ ನೋಡಲಿಲ್ಲ. ಒಳ್ಳೆಯದೇ.

ಏಪ್ರಿಲ್ 28

ಕಾರಣ: ವಿದ್ಯಾರ್ಥಿಯಾಗಿದ್ದಾಗ ನನಗೆ ಈ ವಾರ್ಡ್ ಪೋಸ್ಟಿಂಗ್ ಸಿಗಲಿಲ್ಲ. ಲಾಗ್‌ಬುಕ್ಕಿನಲ್ಲಿ ಬರೆದದ್ದು ನಿಜವಲ್ಲ. ನಾನೂ ಬರೆದವಳೇ.

ಇಷ್ಟೇ ಬರೆದು ಕಳಿಸಿದೆ. ರುದ್ರಮುನಿ ಸಾರ್ ಲೆಟರ್ ಕಳಿಸಲಿಲ್ಲ. ಕಳಿಸಿದ್ದೇನೆ ಅಂತ ಶಿಲ್ಪಾಗೆ ಮೆಸೇಜ್ ಹಾಕಿದೆ. ನೋಡಿದ್ದಾಳೆ.

ಜೂನ್ 1

ಬರೆಯುವಂಥದ್ದು ಏನೂ ಇಲ್ಲ. ಭಾನುವಾರ. ಬೆಳಗಿನಿಂದ ಯಾರ ಜೊತೆಯೂ ಮಾತಾಡಿಲ್ಲ ಅಂತ ಸಂಜೆ ಹಾಲಿನವನಿಗೆ ಚಿಲ್ಲರೆ ಕೇಳುವಾಗ ಗೊತ್ತಾಯಿತು.

ಜುಲೈ 4, ಶುಕ್ರವಾರ

ಬೋರ್ಡ್ ಒಪ್ಪಿದೆ. ಗಂಟೆಗಳು ಪೂರ್ಣ. ಪರೀಕ್ಷೆಗೆ ಕೂರಬಹುದು.

ಫೋನ್ ಹಿಡಿದು ಹೆಸರುಗಳನ್ನು ಮೇಲೆ ಕೆಳಗೆ ಸರಿಸಿದೆ. ಊರಿನಲ್ಲಿ ಅಣ್ಣನಿಗೆ ಹೇಳಿದರೆ ಮದುವೆ ಮಾತು ತೆಗೆಯುತ್ತಾನೆ. ಕೆಳಗೆ ಹೋಗಿ ಮನೆ ಓನರ್ ರಾಮಕ್ಕನಿಗೆ ಹೇಳಿದೆ. ಅವರೆಕಾಳು ಆರಿಸುತ್ತಿದ್ದರು. "ಒಳ್ಳೇದಾಯ್ತು ಬಿಡಮ್ಮಾ. ಹಂಗಾದ್ರೆ ರೂಮ್ ಯಾವಾಗ ಖಾಲಿ ಮಾಡ್ತೀಯಾ?" ಅಂದರು. ಆಮೇಲೆ ನನ್ನ ಮುಖ ನೋಡಿ, "ಕೂತ್ಕೋ, ಕಾಫಿ ಮಾಡ್ತೀನಿ" ಅಂದರು. ಕೂತೆ.

ಜುಲೈ 19

ಶಿಲ್ಪಾಳಿಂದ ಮೂರು ತಿಂಗಳ ಮೇಲೆ ಮೆಸೇಜ್. "ನನ್ನ ಫೈಲ್ ಮತ್ತೆ ತೆಗೆದಿದ್ದಾರೆ. ಥ್ಯಾಂಕ್ಸ್."

ಏನು ಬರೆದರೂ ಸರಿಯಾಗುವುದಿಲ್ಲ. ತಪ್ಪಾಯ್ತು ಅಂದರೆ ಸುಳ್ಳು, ಸರಿ ಮಾಡಿದೆ ಅಂದರೆ ಕ್ರೌರ್ಯ. "ಯಾವಾಗ ಬೇಕಾದ್ರೂ ಫೋನ್ ಮಾಡು, ಎತ್ತುತ್ತೀನಿ" ಅಂತ ಕಳಿಸಿದೆ. ಅವಳ ಮಂಚದ ಮೇಲಿನ ಬಟ್ಟೆಯೆಲ್ಲ ತೆಗೆದು ಮಡಿಸಿದೆ.

ಸೆಪ್ಟೆಂಬರ್ 26, ಶುಕ್ರವಾರ

ಪರೀಕ್ಷೆ ಬರೆದೆ. ಎಷ್ಟು ಪ್ರಶ್ನೆ ಸಾಕು ಅಂತ ಉತ್ತರ ನೋಡಿಕೊಂಡು ಕಂಪ್ಯೂಟರೇ ತೀರ್ಮಾನಿಸುತ್ತದೆ; ಇದ್ದಕ್ಕಿದ್ದಂತೆ ಸಾಕು ಅಂತ ನಿಂತಿತು. ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಹೊರಗೆ ಬಂದು ಕಬ್ಬಿನ ಹಾಲು ಕುಡಿದೆ.

ಸೆಪ್ಟೆಂಬರ್ 28, ಭಾನುವಾರ. ಸಂಜೆ 7

ಪಾಸ್.

ಆರೂಕಾಲಿಗೆ ಫೋನ್ ಬಂತು. ಶಿಲ್ಪಾ. ಒಂದೇ ರಿಂಗಿಗೆ ಎತ್ತಿದೆ. ಹಿಂದೆ ಎಲ್ಲೋ ನೀರು ಬೀಳುತ್ತಿತ್ತು.

"ಲೈಸೆನ್ಸ್ ಕಿತ್ತುಕೊಂಡಿಲ್ಲ" ಅಂದಳು. "ನಾನೇ ಒಪ್ಕೊಂಡೆ. ಆರು ತಿಂಗಳೊಳಗೆ ಗಂಟೆ ಮುಗಿಸ್ಬೇಕಂತೆ. ಅಲ್ಲೀವರ್ಗೂ ಡ್ಯೂಟೀಲಿ ಪೇಶೆಂಟ್ ಮುಟ್ಟೋ ಹಾಗಿಲ್ಲ, ಆಸ್ಪತ್ರೆ ಸ್ಟೋರಲ್ಲಿ ಕೂರಿಸಿದಾರೆ."

"ಹ್ಞೂಂ."

"ನಿನ್ ಮೇಲೆ ಸಿಟ್ಟು ಹೋಗಿಲ್ಲ."

"ಇರ್ಲಿ."

ನಲ್ಲಿ ನಿಲ್ಲಿಸಿದಳು. ದನಿ ಸಣ್ಣದಾಯಿತು.

"ನಾಳೆಯಿಂದ ಆ ಗಂಟೆಗಳಿಗೆ ವಾರ್ಡ್ ಕಣೇ. ಸೈಕಿಯಾಟ್ರಿ. ನಂಗೆ ಏನೂ ಗೊತ್ತಿಲ್ಲ. ಭಯ ಆಗ್ತಿದೆ. ಮೊದಲ್ನೇ ದಿನ ಏನ್ ಮಾಡ್ಬೇಕು ಹೇಳು."

ನಾನು ಅವಳ ಮಂಚದ ಮೇಲೆ ಕೂತುಕೊಂಡೆ. "ಮೊದ್ಲು ಕುರ್ಚಿ ತಗೋ" ಅಂದೆ. "ಎದುರಿಗೆ ಹಾಕ್ಬೇಡ, ಪಕ್ಕಕ್ಕೆ ಹಾಕ್ಕೋ. ಕೂತ್ಕೊಂಡ್ಮೇಲೆ..."

"ತಾಳು, ಬರ್ಕೋತೀನಿ" ಅಂದಳು. ಪೆನ್ನು ಹುಡುಕುವ ಸದ್ದು. "ಹ್ಞಾಂ, ಹೇಳು."

ಹೇಳಿದೆ. ಮುಕ್ಕಾಲು ಗಂಟೆ. ಈಗ ಮತ್ತೆ ಫೋನ್ ಮಾಡುತ್ತಿದ್ದಾಳೆ, ಏನೋ ಮರೆತಿರಬೇಕು —