ವೈ.ಪಿ. ಅಂದರೆ ಯಡತೊರೆ–ಪಿರಿಯಾಪಟ್ಟಣ

ಜೋಧಪುರ, ೧೨-೨-೬೮

ಕಂಪಲಾಪುರದ ಸೋದರಮಾವನವರಿಗೆ ಅಡ್ಡಬಿದ್ದು ಬರೆಯುವುದು.

ಯಡತೊರೆ ಸ್ಟೇಷನ್ನಿನಲ್ಲಿ ಇಂಜಿನ್ನಿನ ಮೇಲಿದ್ದ ವೈ.ಪಿ. ಅಕ್ಷರ ತೋರಿಸಿ, "ಯಡತೊರೆ–ಪಿರಿಯಾಪಟ್ಣ ಅಂತ ಕಣ್ಲಾ. ಇವತ್ತು ಹಳಿ ಇಲ್ದಿದ್ರೂ ರೈಲು ನಮ್ಮೂರ್ಗೂ ಬತ್ತದೆ, ಇಂಜಿನ್ ಮೇಲೇ ಬರ್ದವ್ರೆ" ಅಂದಿದ್ದಿರಲ್ಲ, ಇಂದು ಈ ಮರಳುಗಾಡಿಗೆ ಅದೇ ಅಕ್ಷರದ ಇಂಜಿನ್ ಹಬೆ ಉಗುಳುತ್ತ ಬಂತು. ಓಡಿಹೋಗಿ ಡ್ರೈವರನನ್ನು, ಯಡತೊರೆಯಿಂದ ಬಂದಿರಾ ಎಂದು ಹರಕು ಹಿಂದಿಯಲ್ಲಿ ಕೇಳಿಯೇಬಿಟ್ಟೆ. ಅವನು ಬಿದ್ದು ಬಿದ್ದು ನಕ್ಕ. ವೈ ಅಂದರೆ ಮೀಟರ್ ಗೇಜ್ ಹಳಿಯಂತೆ, ಪಿ ಅಂದರೆ ಪ್ಯಾಸೆಂಜರ್. ಸ್ವಾತಂತ್ರ್ಯ ಬಂದ ಮೇಲೆ ಇಂಥವು ನೂರಾರು ಹುಟ್ಟಿ ದೇಶವೆಲ್ಲ ಓಡುತ್ತಿವೆಯಂತೆ. ನನಗಿನ್ನೂ ನಗು ನಿಂತಿಲ್ಲ.

ಇಲ್ಲಿ ನಮ್ಮ ಸೈನ್ಯದ ಬಿಡಾರದಲ್ಲಿ ನೀರು ಉಪ್ಪು, ಆದರೂ ಆರೋಗ್ಯವಾಗಿದ್ದೇನೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಊರಲ್ಲಿ ಮಾತು ಬದಲಿಸಬೇಡಿ ಮಾವ. ದೇಶದ ಇಂಜಿನ್ನುಗಳಿಗೆಲ್ಲ ನಮ್ಮೂರ ಹೆಸರೇ ಇಟ್ಟವ್ರೆ ಅನ್ನಿ.

ನಿಮ್ಮ ಅಳಿಯ,
ಪಟಾಲಮ್ಮಿನ ದ್ಯಾವಣ್ಣ