ಅಕ್ಕನ ಅಂಗಳ

ಫೆಬ್ರವರಿ 9, ಸಂಜೆ

ಬೆಳಗ್ಗಿಂದ ಎಕ್ಸ್-ರೇ ರೂಮಿನಿಂದ ತಲೆ ಎತ್ತಲಿಲ್ಲ. ಕೊನೆಯ ಪೇಶಂಟ್ ಯಾರು ಅಂತ ನೋಡಿದ್ರೆ — ನಮ್ಮ ಅತ್ತೆ! ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದಾರೆ. ಬಲ ಮಣಿಕಟ್ಟು. ಅಭ್ಯಾಸಬಲ, "ಉಸಿರು ಬಿಗಿ ಹಿಡೀರಿ" ಅಂದೆ.

"ಮುರಿದಿರೋದು ಕೈ ಕಣೇ, ಉಸಿರು ಯಾಕೆ ಹಿಡೀಲಿ?"

ಆ ನೋವಲ್ಲೂ! ಪ್ಲಾಸ್ಟರ್ ಆಯ್ತು. ಮನೆಗೆ ಬಂದಾಗಿಂದ ಒಂದೇ ಚಿಂತೆ: "ಅಕ್ಕನ ಅಂಗಳ ಯಾರು ಗುಡಿಸ್ತಾರೆ?"

ಫೆಬ್ರವರಿ 10

ಅಕ್ಕ ಅಂದ್ರೆ ಆಸ್ಪತ್ರೆ ಹಿಂದಿನ ಕಾಡು. ಇಲ್ಲಿನ ಹಳೇ ಮನೆತನದವರಿಗೆ ಅವಳು ಹಿರಿಯಕ್ಕ. ಮೈಗೆ ಕೊಡಲಿ ತಾಗಿಸೋ ಹಾಗಿಲ್ಲ. ಬಿದ್ದ ಕಟ್ಟಿಗೆ ಮಾತ್ರ ತರಬೇಕು. ಬೇಸಿಗೆಗೆ ಮುಂಚೆ, ಕಾಡು ಮುಗಿದು ಹುಲ್ಲುಗುಡ್ಡ ಶುರುವಾಗೋ ಕಡೆ ಉದ್ದಕ್ಕೂ ತರಗೆಲೆ ಗುಡಿಸಿ, ಹುಲ್ಲು ಕೆರೆದು, ಬರೀ ಮಣ್ಣು ಕಾಣಿಸಬೇಕು. ಅದು ಅಕ್ಕನ ಅಂಗಳ. ಮನೆಗೊಬ್ಬ ಹೆಂಗಸು ಬರಬೇಕು. ಈಗ ಬರೋರು ಅತ್ತೆ, ಬೇಕರಿಯಾಕೆ — ಅಷ್ಟೇ.

"ಕಾಡು ತನ್ನ ಪಾಡಿಗೆ ತಾನಿರುತ್ತಲ್ಲ ಅತ್ತೆ?"

"ಅದಿರುತ್ತೆ. ಬೆಂಕಿ ತನ್ನ ಪಾಡಿಗಿರಲ್ಲ."

ನಾನೇ ಹೋಗ್ತೀನಿ ಅಂದುಬಿಟ್ಟೆ. ಇವರು ಬಿದ್ದು ಬಿದ್ದು ನಕ್ಕರು. "ಮನೇಲಿ ಪೊರಕೆ ಹಿಡಿಯೋನು ನಾನು. ನೀನು ಕಾಡು ಗುಡಿಸ್ತೀಯಾ?"

ಹೌದು. ನೋಡ್ತಿರಿ.

ಫೆಬ್ರವರಿ 15

ಸೊಂಟ ನನ್ನದಲ್ಲ. ಅಂಗೈ ತುಂಬಾ ಬೊಬ್ಬೆ. ಬೇಕರಿಯಾಕೆ ಬ್ರೆಡ್ಡಿನ ಹಿಟ್ಟು ನಾದೋ ಕೈಲಿ ಸಲೀಸಾಗಿ ಕೆರೀತಾ ಹೋಗ್ತಾಳೆ. ನಾನು ಕುಂಟುತ್ತಾ ಹಿಂದೆ. ಅತ್ತೆ ಮುರಿದ ಕೈ ಕಟ್ಟಿಕೊಂಡು ಕಲ್ಲಿನ ಮೇಲೆ ಕೂತು ಸೂಪರ್‌ವೈಸರ್!

"ಅಲ್ಲೊಂದು ಎಲೆ ಬಿಟ್ಟೆ."

"ಒಂದೇ ಒಂದು ಎಲೆ ಅತ್ತೆ…"

"ಬೆಂಕಿಗೆ ಒಂದೇ ಸಾಕು."

ಮಾರ್ಚ್ 4

ಇಷ್ಟು ದಿನ ಪೆನ್ ಹಿಡಿಯೋಕೂ ಕೈ ಬಗ್ಗಲಿಲ್ಲ. ಡ್ಯೂಟಿ ಮುಗಿಸಿ ದಿನಾ ಅಲ್ಲೇ. ಇವತ್ತು ಕಡೇ ತುದಿ ಮುಟ್ಟಿದ್ವಿ. ಹಿಂತಿರುಗಿ ನೋಡಿದ್ರೆ ಗುಡ್ಡಕ್ಕೂ ಕಾಡಿಗೂ ನಡುವೆ ಕೆಂಪು ಬೈತಲೆ ತೆಗೆದ ಹಾಗೆ. ಅತ್ತೆ ಕಲ್ಲಿನಿಂದ ಎದ್ದು ಬಂದ್ರು. ಎಡಗೈಯಲ್ಲಿ ನನ್ನ ಬೆನ್ನು ಸವರಿದ್ರು.

ಮಾರ್ಚ್ 22, ಮಧ್ಯಾಹ್ನ

ಗುಡ್ಡದಲ್ಲಿ ಹೊಗೆ. ಗಾಳಿ ನಮ್ಮ ಕಡೆಗೇ. ಕಾಡು ಹತ್ತಿಕೊಂಡರೆ ಮುಂದಿನದು ಆಸ್ಪತ್ರೆ. ಏಳಲಾರದ ಪೇಶಂಟ್‌ಗಳನ್ನ ಮೊದಲು ಸಾಗಿಸಬೇಕಂತೆ. ಸಿಸ್ಟರ್ ಕರೀತಿದ್ದಾರೆ

ಮಾರ್ಚ್ 23

ನಿಂತಿತು.

ಸ್ಟ್ರೆಚರ್‌ಗಳನ್ನೆಲ್ಲ ಗೇಟಿಗೆ ತಂದಿದ್ವಿ. ಅಷ್ಟರಲ್ಲಿ ಬೇಕರಿಯಾಕೆ ಏದುಸಿರು ಬಿಡುತ್ತಾ ಬಂದಳು. "ಅಂಗಳ ದಾಟ್ತಿಲ್ಲ ಕಣೇ! ಕಿಡಿ ಹಾರ್ತಿವೆ, ಬಡಿಯೋಕೆ ಜನ ಬೇಕು!" ಓಡಿದೆವು. ಹಸಿ ಸೊಪ್ಪು ಹಿಡಿದು ಬಡಿದೆವು — ವಾರ್ಡ್‌ಬಾಯ್, ಅಡುಗೆಯವರು, ಇವರೂ. ಬೆಂಕಿ ಮಣ್ಣಿನ ಅಂಚಿಗೆ ಬರೋದು, ತಿನ್ನೋಕೆ ಏನೂ ಸಿಗದೆ ತಲೆ ತಗ್ಗಿಸೋದು. ಕಣ್ಣಾರೆ ನೋಡಿದೆ. ಫೈರ್ ಇಂಜಿನ್ ಬಂದಾಗ ಅರ್ಧ ಕೆಲಸ ಮುಗಿದಿತ್ತು. ಉಳಿದರ್ಧ ಅವರು ಮುಗಿಸಿದರು. ಪುಣ್ಯಾತ್ಮರು.

ಗುಡ್ಡ ಕಪ್ಪಗೆ ಬೋಳು. ಕಾಡು ಹಸಿರು. ಒಂದು ಮರವೂ ಹೋಗಿಲ್ಲ.

ಮನೆಗೆ ಬಂದು ಅತ್ತೆ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಎಷ್ಟು ಜನ ಅಜ್ಜಿಯರು, ಎಷ್ಟು ವರ್ಷ ಗುಡಿಸಿದ್ರೋ… ಹೆಸರೂ ಗೊತ್ತಿಲ್ಲ. ಅವರಿಗೆಲ್ಲ ಎಲ್ಲಿ ಹೋಗಿ ಕೈ ಮುಗೀಲಿ?

ಮಾರ್ಚ್ 27

ಬೂದಿ ಸಂದಿಯಲ್ಲಿ ಹಕ್ಕಿಗಳು ಏನೋ ಹೆಕ್ಕುತ್ತಿದ್ವು. ನೋಡುತ್ತಾ ನಿಂತು ಡ್ಯೂಟಿಗೆ ಲೇಟು. ಬೈಸಿಕೊಂಡೆ. ಬೇಜಾರೇ ಆಗಲಿಲ್ಲ.

ಈಗ ಹೊರಗೆ ಗಲಗಲ. ಕಿಟಕಿಯಿಂದ ಇಣುಕಿದೆ — ಇಡೀ ಬೀದಿಯ ಹೆಂಗಸರು! ಬಸ್‌ಸ್ಟ್ಯಾಂಡ್ ಕಡೆಯವರೂ ಇದ್ದಾರೆ. ಮುಂದಿನ ವರ್ಷ ನಾವೂ ಬರ್ತೀವಿ, ಹೇಗೆ ಅಂತ ಹೇಳಿಕೊಡಿ, ಅಂತಿದ್ದಾರೆ. ಅತ್ತೆ ಕುರ್ಚಿಯಿಂದ ಏಳಲೇ ಇಲ್ಲ.

"ನನ್ನನ್ನಲ್ಲ, ನನ್ನ ಸೊಸೇನ ಕೇಳ್ರಮ್ಮ."

ನನ್ನನ್ನಾ! ಏನಂತ ಹೇಳಲಿ? ಮೊದಲು ಇದನ್ನೇ: ಒಂದು ಎಲೆಯನ್ನೂ ಬಿಡಬೇಡಿ, ಬೆಂಕಿಗೆ ಒಂದೇ ಸಾಕು.